ಎರಡನೆಯ ಸಲ ನೋಡಿದ ಊರುಗಳು

ಒನೊಮಿಚಿ
6 ಏಪ್ರಿಲ್ 2004

ಚಿಗುಸಾ ಅವರಿಗೆ,

ತೊಯಾಮಾದ ಮನೆಗೆ ನೀವು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೀರಿ ಎಂದು ಪಕ್ಕದ ಮನೆಯವರು ಹೇಳಿದರು. ನಾನು ಊರಿನಲ್ಲಿಲ್ಲ. ಔಷಧ ಕಾರ್ಖಾನೆಯ ಕೆಲಸ ಬಿಟ್ಟೆ. ಹೂಗುಚ್ಛ ಕೊಟ್ಟು ಬೀಳ್ಕೊಟ್ಟರು. ಅದನ್ನು ಬಕೆಟ್ಟಿನಲ್ಲಿ ನೀರು ಹಾಕಿ ಇಟ್ಟು, ಮಾರನೆಯ ಬೆಳಿಗ್ಗೆ ರೈಲು ಹತ್ತಿದೆ.

ನಿಮಗೆ ಎದುರು ನಿಂತು ಹೇಳಲಾರದ ಮಾತನ್ನು ಕಾಗದದಲ್ಲಿ ಹೇಳುತ್ತೇನೆ. ನಿಮ್ಮ ಅಣ್ಣ ಕೆಲಸಕ್ಕೆಂದು ಹೊರಟವರು ಮರಳಿ ಬಾರದೆ ಈ ನವೆಂಬರಿಗೆ ಹನ್ನೊಂದು ವರ್ಷವಾಗುತ್ತದೆ. ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಸತ್ತವರೆಂದು ಘೋಷಿಸಿ ಎಂದು ಕೇಳಲು ಕಾನೂನು ಅವಕಾಶ ಕೊಟ್ಟಿದೆ. ಫೆಬ್ರವರಿಯಲ್ಲಿ ನಾನು ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಹಾಕಿದೆ. ಹೊರಿತಾ ಶಿಗೆಹಾರು ಬದುಕಿರುವುದು ಯಾರಿಗಾದರೂ ಗೊತ್ತಿದ್ದರೆ ತಿಳಿಸಲಿ ಎಂದು ನ್ಯಾಯಾಲಯದವರು ಪ್ರಕಟಣೆ ಹೊರಡಿಸಿ, ಎಲೆ ಕೆಂಪಾಗುವ ಕಾಲದವರೆಗೆ ಕಾಯುತ್ತಾರೆ. ಯಾರೂ ತಿಳಿಸದಿದ್ದರೆ ಅವರು ಸತ್ತಂತೆ.

ಅಲ್ಲಿಯವರೆಗೆ ಮನೆಯಲ್ಲಿ ಕುಳಿತಿರಲು ನನ್ನಿಂದಾಗಲಿಲ್ಲ. ಆಗ ಅವರ ಫೋಟೊ ಹಿಡಿದು ಅಲೆದ ಊರುಗಳಿಗೇ ಮತ್ತೊಮ್ಮೆ ಹೊರಟಿದ್ದೇನೆ. ಹುಡುಕುವುದಕ್ಕಲ್ಲ, ಸುಮ್ಮನೆ. ಒನೊಮಿಚಿಯ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಸಮುದ್ರ. ಅಂದು ಇದೇ ಬಾಗಿಲಲ್ಲಿ ಇಡೀ ದಿನ ನಿಂತಿದ್ದೆ. ಸಮುದ್ರವಿತ್ತು ಎಂಬುದೇ ನನಗೆ ನೆನಪಿಲ್ಲ. ಬಂದು ಹೋಗುವ ಗಂಡಸರ ಮುಖಗಳನ್ನಷ್ಟೇ ನೋಡಿದ್ದೆ.

ಗುಡ್ಡದ ಮೆಟ್ಟಿಲುಗಳ ಮೇಲೆಲ್ಲ ಚೆರ್ರಿ ಹೂ ಉದುರಿದೆ. ಚೆನ್ನಾಗಿದೆ ಎಂದು ಗೊತ್ತಾಗುತ್ತದೆ. ಚೆನ್ನಾಗಿದೆ ಎಂದು ಅನಿಸುವುದಿಲ್ಲ.

ವಸತಿಗೃಹದ ಅಜ್ಜಿ ಹಾಸಿಗೆ ಹಾಸುತ್ತಾ ಕೇಳಿದಳು, "ಒಬ್ಬರೇ ಬಂದಿದ್ದೀರಾ? ಯಜಮಾನ್ರು ಎಲ್ಲಿ?"

"ಕೋರ್ಟಿನಲ್ಲಿದ್ದಾರೆ" ಅಂದೆ.

"ಓ, ವಕೀಲ್ರಾ! ಹಾಗಾದ್ರೆ ರಜ ಎಲ್ಲಿ ಸಿಗತ್ತೆ, ಪಾಪ."

ತಿದ್ದಲು ಹೋಗಲಿಲ್ಲ.

ಬೈಯುವುದಿದ್ದರೆ ಕೊಕುರಾದ ವಸತಿಗೃಹಕ್ಕೆ ಬರೆಯಿರಿ. ವಿಳಾಸ ಹಿಂಬದಿಯಲ್ಲಿದೆ.

ಕಿನುಯೊ

*

ಹಿಮಿ
15 ಏಪ್ರಿಲ್ 2004

ಅತ್ತಿಗೆಯವರಿಗೆ,

ಬೈಯಲು ಅನುಮತಿ ಕೊಟ್ಟಿದ್ದೀರಿ, ದೊಡ್ಡ ಮನಸ್ಸು.

ನನ್ನ ಅಣ್ಣನನ್ನು ಸಾಯಿಸಿ ಎಂದು ಸರ್ಕಾರಕ್ಕೆ ಬರೆದುಕೊಟ್ಟು ನೀವು ಹೂ ನೋಡಲು ಹೋಗಿದ್ದೀರಿ. ಊರಲ್ಲಿ ಯಾರಾದರೂ ಕೇಳಿದರೆ ನಾನು ಏನು ಹೇಳಲಿ? ನಿನ್ನೆ ಮೀನು ಒಣಹಾಕುತ್ತಿದ್ದಾಗ ಪಕ್ಕದಂಗಡಿಯವಳು, "ನಿಮ್ಮತ್ತಿಗೆ ಚೆನ್ನಾಗಿದ್ದಾರಾ? ಇತ್ತೀಚೆಗೆ ಕಾಣ್ಲೇ ಇಲ್ವಲ್ಲ" ಅಂದಳು. "ಬಹಳ ಚೆನ್ನಾಗಿದ್ದಾರೆ, ಅವರಿಗೇನು" ಅಂದೆ.

ನೀವು ಹುಡುಕಿದ್ದು ನನಗೆ ಗೊತ್ತಿಲ್ಲದ್ದಲ್ಲ. ಎರಡು ಚಳಿಗಾಲ ಅಲೆದಿರಿ, ಆಮೇಲೆ ನಿಲ್ಲಿಸಿದಿರಿ. ಅಮ್ಮ ನಿಲ್ಲಿಸಲಿಲ್ಲ. ಸಾಯುವ ದಿನದವರೆಗೂ ಊಟಕ್ಕೆ ಕೂರುವ ಮೊದಲು ಅವನ ಬಟ್ಟಲಿಗೆ ಅನ್ನ ಹಾಕಿ ಪೀಠದ ಮೇಲೆ ಇಡುತ್ತಿದ್ದಳು. ದೂರ ಹೋದವನು ಅಲ್ಲಿ ಹಸಿದುಕೊಂಡಿರಬಾರದು ಎಂದು. ಈಗ ನಾನು ಇಡುತ್ತೇನೆ. ಮನೆಯ ಬುದ್ಧಪೀಠದಲ್ಲಿ ತೀರಿಕೊಂಡ ಅಪ್ಪ ಅಮ್ಮನ ಹೆಸರು ಬರೆದ ಹಲಗೆಗಳ ಪಕ್ಕ ಜಾಗ ಖಾಲಿ ಇದೆ. ಅಲ್ಲಿ ಅಣ್ಣನ ಹೆಸರು ನಾನು ಇಡುವುದಿಲ್ಲ. ನ್ಯಾಯಾಧೀಶರೇ ಬಂದು ಹೇಳಿದರೂ ಇಡುವುದಿಲ್ಲ.

ಅವನು ಬದುಕಿದ್ದಾನೆ. ನನಗೆ ಗೊತ್ತು.

ಚಿಗುಸಾ

*

ಹಿಮಿ
9 ಮೇ 2004

ಅತ್ತಿಗೆಯವರಿಗೆ,

ಕೊಕುರಾದ ವಸತಿಗೃಹಕ್ಕೆ ಫೋನ್ ಮಾಡಿದೆ. ನೀವು ನಾಗಸಾಕಿಗೆ ಹೋದಿರೆಂದು ಹೇಳಿ ಈ ವಿಳಾಸ ಕೊಟ್ಟರು. ಮುಂದಿನ ವಾರದವರೆಗೆ ಇರಬೇಕಿದ್ದವರು ಊಟವನ್ನೂ ಮಾಡದೆ ಹೊರಟರಂತೆ. ನನ್ನ ಕಾಗದ ಅಷ್ಟು ಖಾರವಾಗಿತ್ತೇ?

ಮೈ ಸರಿಯಿಲ್ಲವೇ? ಒಂದು ಸಾಲು ಬರೆಯಿರಿ. ಜಗಳ ಆಮೇಲೆ ಆಡೋಣ.

ಚಿಗುಸಾ

*

ನಾಗಸಾಕಿ
18 ಮೇ 2004

ಚಿಗುಸಾ ಅವರಿಗೆ,

ಮೈ ಸರಿಯಿದೆ. ನಿಮ್ಮ ಕಾಗದ ಕಾರಣವಲ್ಲ.

ಇಲ್ಲಿ ಬೆಳಿಗ್ಗೆ ಟ್ರಾಂ ಹತ್ತುತ್ತೇನೆ. ಕೊನೆಯ ನಿಲ್ದಾಣದಲ್ಲಿ ಇಳಿದು, ಅದೇ ಟ್ರಾಂ ತಿರುಗಿ ಹೊರಟಾಗ ಮತ್ತೆ ಹತ್ತುತ್ತೇನೆ. ಇಳಿಜಾರಿನ ಮೇಲೆ ಮನೆಗಳು, ಬಂದರು, ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳ ಸಾಲು, ಎಲ್ಲ ಕಿಟಕಿಯ ಆಚೆ ಹಾದು ಹೋಗುತ್ತವೆ. ಚಾಲಕನಿಗೆ ನನ್ನ ಗುರುತು ಸಿಕ್ಕಿರಬೇಕು, ಏನೂ ಕೇಳುವುದಿಲ್ಲ. ಹೀಗೆ ಎಷ್ಟು ದಿನವಾಯಿತೋ ಗೊತ್ತಿಲ್ಲ. ನಿಮಗೆ ಬರೆಯಲು ಕೂರುತ್ತಿದ್ದೆ, ಏಳುತ್ತಿದ್ದೆ.

ಕೊಕುರಾದಲ್ಲಿ ನಡೆದದ್ದು ಇದು. ಸಂತೆ ಬೀದಿಯಲ್ಲಿ ಒಂದು ಸಣ್ಣ ಊಟದ ಅಂಗಡಿ ಇದೆ. ತವುಡಿನಲ್ಲಿ ಬೇಯಿಸಿದ ಬಂಗಡೆ ಮಾಡುತ್ತಾರೆ. ಆಗ ಅವರ ಗೋಡೆಯ ಮೇಲೂ ಫೋಟೊ ಅಂಟಿಸಿ ಬಂದಿದ್ದೆ. ಈ ಸಲ ಊಟಕ್ಕೆಂದೇ ಒಳಗೆ ಹೋದೆ. ಅಂಗಡಿಯ ಒಡತಿ ಅನ್ನದ ಬಟ್ಟಲು ಮುಂದಿಟ್ಟವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

"ನೀವು ಆ ಫೋಟೊದವ್ರ ಮನೆಯವ್ರಲ್ವಾ?" ಅಂದಳು.

ಹೌದೆಂದೆ.

"ಸಿಕ್ಕಿದ್ರಾ?"

"ಇಲ್ಲ."

ಅವಳು ಒಲೆಯ ಉರಿ ಸಣ್ಣ ಮಾಡಿ ಬಂದು ನನ್ನ ಎದುರು ಕುಳಿತಳು. ನಾನು ಫೋಟೊ ಅಂಟಿಸಿ ಹೋದ ಮರುವರ್ಷ ಅವರು ಆ ಅಂಗಡಿಗೆ ಬಂದಿದ್ದರಂತೆ. ಗೋಡೆಯ ಮೇಲೆ ತಮ್ಮ ಮುಖವನ್ನೇ ನೋಡಿ, ಊಟ ಮುಗಿಸಿ, ಇದನ್ನು ತೆಗೆದುಬಿಡಿ ಎಂದು ಕೈಮುಗಿದರಂತೆ. ಅಲ್ಲಿಂದ ಮೇಲೆ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದರು. ಹೋದ ಬೇಸಿಗೆಯಲ್ಲೂ ಬಂದಿದ್ದರು. ಕಾಗೊಶಿಮಾದಲ್ಲಿ ಒಂದು ಸಾರ್ವಜನಿಕ ಸ್ನಾನದ ಮನೆಯಲ್ಲಿ ಕೆಲಸ, ಅಲ್ಲೇ ವಾಸ ಎಂದರಂತೆ. ಬಂದರಿನಿಂದ ಮೇಲಕ್ಕೆ ಹೋಗುವ ದಾರಿ, ಬಾಗಿಲ ಬಳಿ ಕರ್ಪೂರದ ಮರ.

"ನನಗೆ ತಿಳಿಸಬಾರದಿತ್ತೇ? ಫೋಟೊದ ಕೆಳಗೆ ನಂಬರಿತ್ತಲ್ಲ" ಅಂದೆ. ನನ್ನ ದನಿ ಏರಲಿಲ್ಲ. ಏರಬೇಕಿತ್ತು.

"ತಾಯೀ, ನಾನು ಊಟ ಹಾಕೋಳು, ಪೊಲೀಸ್ ಅಲ್ಲ. ಕೈ ಮುಗ್ದು ಕೇಳಿದೋರ ಬಾಯಿಗೆ ಅನ್ನ ಹಾಕಿ, ಬೆನ್ನ ಹಿಂದೆ ಫೋನ್ ತಿರುಗ್ಸೋದು ನನ್ನ ಕೈಲಾಗ್ಲಿಲ್ಲ. ಬೈಕೊಳ್ಳಿ, ನಿಮಗೆ ಹಕ್ಕಿದೆ."

ಬೈಯಲಿಲ್ಲ. ಮೀನು ತಿಂದೆ. ರುಚಿ ಗೊತ್ತಾಗಲಿಲ್ಲ. ಹಣ ಕೊಟ್ಟು ಹೊರಬಂದೆ.

ನೀವು ಹೇಳಿದ್ದೇ ನಿಜವಾಯಿತು, ಚಿಗುಸಾ. ಅವರು ಬದುಕಿದ್ದಾರೆ. ಕೊಕುರಾದಿಂದ ಕಾಗೊಶಿಮಾದ ಕಡೆ ಹೋಗುವ ರೈಲು ಎದುರಿಗೇ ನಿಂತಿತ್ತು. ನಾನು ನಾಗಸಾಕಿಯ ರೈಲು ಹತ್ತಿದೆ. ಏಕೆಂದು ಕೇಳಬೇಡಿ.

ಕಿನುಯೊ

*

ಹಿಮಿ
22 ಮೇ 2004

ಅತ್ತಿಗೆ,

ಕಾಗದ ಓದಿ ಅಂಗಡಿಯ ಬಾಗಿಲು ಹಾಕಿದೆ. ಅಮ್ಮನ ಹೆಸರಿನ ಮುಂದೆ ಕುಳಿತು, ಕೇಳಿದೆಯಾ ಅಮ್ಮಾ, ನಾನು ಹೇಳಿರಲಿಲ್ಲವೇ ಅಂದೆ. ಬೆಕ್ಕು ಹೆದರಿ ಓಡುವಷ್ಟು ಗಟ್ಟಿಯಾಗಿ ಅಂದೆ.

ನಿಮಗೆ ಕೈಮುಗಿಯುತ್ತೇನೆ, ಟ್ರಾಂನಿಂದ ಇಳಿಯಿರಿ. ಹೋಗಿ ಕರೆದುಕೊಂಡು ಬನ್ನಿ. ಯಾರೂ ಏನೂ ಕೇಳುವುದಿಲ್ಲ ಅನ್ನಿ. ಎಲ್ಲಿದ್ದೆ, ಏಕೆ ಹೋದೆ, ಒಂದು ಮಾತೂ ಇಲ್ಲ. ಬಾಗಿಲು ತೆರೆದೇ ಇರುತ್ತದೆ, ಬಂದು ಕೂತರೆ ಸಾಕು.

ನಾನೇ ಹೊರಡುತ್ತಿದ್ದೆ. ಆದರೆ ನಿಮಗೆ ಗೊತ್ತಲ್ಲ, ಒಸಾಕಾದ ಆಚೆ ನಾನು ಕಾಲಿಟ್ಟವಳಲ್ಲ. ಅಷ್ಟು ದೂರ ಒಬ್ಬಳೇ ಹೋಗಲು ನನಗೆ ಧೈರ್ಯವಿಲ್ಲ. ಮೇಲಾಗಿ ಹೆಂಡತಿ ಕರೆದರೆ ಬರುವ ಬೆಲೆ ತಂಗಿ ಕರೆದರೆ ಬರುವುದಿಲ್ಲ.

ಸಿಟ್ಟಿನಲ್ಲಿ ಬರೆದದ್ದನ್ನು ಮರೆತುಬಿಡಿ.

ಚಿಗುಸಾ

*

ಕಾಗೊಶಿಮಾ
11 ಜೂನ್ 2004

ಚಿಗುಸಾ ಅವರಿಗೆ,

ನಿಮ್ಮ ಅಣ್ಣನನ್ನು ನೋಡಿದೆ. ಬರುವುದಿಲ್ಲ ಎಂದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ನೀವು ಆಸೆಯಿಟ್ಟುಕೊಂಡು ಓದಬಾರದು.

ಇಲ್ಲಿ ಮಳೆಗಾಲ ಶುರುವಾಗಿದೆ. ಕೊಲ್ಲಿಯ ಆಚೆಯ ಸಕುರಾಜಿಮಾ ಬೆಟ್ಟ ಬೂದಿ ಉಗುಳಿದ ದಿನ ಮಳೆಯೂ ಕಪ್ಪಗೆ ಬೀಳುತ್ತದೆ. ಜನ ಛತ್ರಿ ಕೊಡವಿಕೊಂಡು ತಮ್ಮ ಪಾಡಿಗೆ ನಡೆಯುತ್ತಾರೆ. ಸ್ನಾನದ ಮನೆ ಸುಲಭವಾಗಿ ಸಿಕ್ಕಿತು. ಇನ್ನೂ ತೆರೆದಿರಲಿಲ್ಲ. ಪಕ್ಕದ ಬಾಗಿಲಿನಿಂದ ಒಳಗೆ ಇಣುಕಿದೆ. ಒಬ್ಬರು ಪ್ಯಾಂಟು ಮಡಚಿಕೊಂಡು, ಖಾಲಿ ತೊಟ್ಟಿಯೊಳಗೆ ಬಗ್ಗಿ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಬೆನ್ನಿನಿಂದಲೇ ಗುರುತು ಸಿಕ್ಕಿತು. ತಲೆ ಪೂರ್ತಿ ಬೆಳ್ಳಗಾಗಿದೆ.

ತಿರುಗಿ ನೋಡಿದರು. ಬೆಚ್ಚಲಿಲ್ಲ.

"ಬಂದ್ಯಾ" ಅಂದರು, ಬೆಳಿಗ್ಗೆ ತರಕಾರಿಗೆ ಹೋದವಳನ್ನು ಕೇಳುವ ಹಾಗೆ.

"ಬಂದೆ" ಅಂದೆ.

"ಇದೊಂದು ತೊಟ್ಟಿ ಮುಗ್ಸಿಬಿಡ್ತೀನಿ. ಕೂತಿರು."

ಕೂತೆ. ಅಳು ಬರುತ್ತದೆಂದು ಕರವಸ್ತ್ರ ತೆಗೆದು ಕೈಯಲ್ಲಿಟ್ಟುಕೊಂಡಿದ್ದೆ. ಬರಲಿಲ್ಲ. ಬಟ್ಟೆ ಇಡುವ ಬುಟ್ಟಿಗಳನ್ನು ನೋಡುತ್ತಾ ಕುಳಿತೆ.

ಆಮೇಲೆ ಹಿಂಬದಿಯ ಬೆಂಚಿನಲ್ಲಿ ಇಬ್ಬರೂ ಕುಳಿತೆವು. ಬಾರ್ಲಿ ಚಹಾ ತಂದುಕೊಟ್ಟರು. ಏಕೆ ಹೋದಿರಿ ಎಂದು ಕೇಳಿದೆ. ಎಷ್ಟೋ ವರ್ಷ ಆ ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡೇ ಮಲಗಿದ್ದವಳು ನಾನು. ಕೇಳಿದಾಗ ಅದು ಬೇರೆ ಯಾರದೋ ಪ್ರಶ್ನೆಯಂತಿತ್ತು.

"ಬಸ್ಸಿಗೆ ನಿಂತಿದ್ದೆ" ಅಂದರು. "ಬಸ್ಸು ಬಂತು. ಹತ್ಲಿಲ್ಲ. ಮುಂದಿನದ್ದೂ ಬಂತು. ಅದನ್ನೂ ಹತ್ಲಿಲ್ಲ. ಆಮೇಲೆ ರೈಲ್ವೆ ಸ್ಟೇಷನ್ ಕಡೆ ನಡ್ಕೊಂಡು ಹೋದೆ."

"ನಾನೇನಾದ್ರೂ ಮಾಡಿದ್ನಾ?"

"ಇಲ್ಲ. ನೀನೇನೂ ಮಾಡಿಲ್ಲ. ಸಾಲ ಇರ್ಲಿಲ್ಲ, ಹೆಣ್ಣು ಇರ್ಲಿಲ್ಲ. ಇದ್ದಿದ್ರೆ ಹೇಳೋಕೆ ಸುಲಭ ಆಗ್ತಿತ್ತು, ನೋಡು."

ನಿಮ್ಮ ಬಗ್ಗೆ ಕೇಳಿದರು. ಮೀನಿನ ಅಂಗಡಿ ನಡೆಸುತ್ತಿದ್ದೀರೆಂದೆ. "ಅವಳ ಬಾಯಿ ಹಾಗೇ ಇದ್ಯಾ?" ಅಂದು ಸ್ವಲ್ಪ ನಕ್ಕರು. ಅಮ್ಮ ತೀರಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ.

"ಯಾವಾಗ?"

"ನಾಲ್ಕು ವರ್ಷ ಆಯ್ತು. ಕೊನೇವರೆಗೂ ನಿಮ್ಮ ಹೆಸ್ರು ಹಿಡಿದು ಕರೀತಿದ್ರು."

"ಹೂಂ" ಅಂದರು. ಎದ್ದು ಒಳಗೆ ಹೋಗಿ, ಉಜ್ಜಿ ಮುಗಿಸಿದ್ದ ಅದೇ ತೊಟ್ಟಿಗೆ ಮತ್ತೆ ನೀರು ಬಿಟ್ಟು ಉಜ್ಜತೊಡಗಿದರು. ನಾನು ಚಹಾ ಮುಗಿಸಿದೆ.

ನ್ಯಾಯಾಲಯದ ವಿಷಯವನ್ನೂ ಹೇಳಿದೆ. ಬ್ರಷ್ಷು ಕೆಳಗಿಟ್ಟು, "ಅದೇ ಒಳ್ಳೇದಲ್ವಾ? ನೀನು ನನ್ನ ನೋಡ್ಲೇ ಇಲ್ಲ ಅಂದ್ಕೋ. ನಾನು ಸತ್ರೆ ನಿಂಗೂ ಸುಲಭ, ಎಲ್ರಿಗೂ ಸುಲಭ" ಅಂದರು.

"ಸುಲಭವೇ. ಆದ್ರೆ ನೀವು ಸತ್ತಿಲ್ವಲ್ಲ" ಅಂದೆ.

ಮಾರನೆಯ ದಿನ ನಗರಸಭೆಯ ಕಚೇರಿಯಿಂದ ವಿಚ್ಛೇದನದ ಕಾಗದ ತೆಗೆದುಕೊಂಡು ಮತ್ತೆ ಹೋದೆ. ಸಹಿಯ ಜೊತೆ ಒತ್ತಬೇಕಾದ ಹೆಸರಿನ ಮುದ್ರೆ ಅವರ ಬಳಿ ಇರಲಿಲ್ಲ. ಇಲ್ಲಿ ಅವರು ಇಟ್ಟುಕೊಂಡ ಹೆಸರು ಒಕುದಾ. ಇಬ್ಬರೂ ಜೊತೆಯಲ್ಲಿ ಕಾಗದ ಪೆನ್ನಿನ ಅಂಗಡಿಗೆ ನಡೆದು ಹೋದೆವು. ಮುದ್ರೆಗಳ ಗೂಡನ್ನು ತಿರುಗಿಸಿ ತಿರುಗಿಸಿ ನೋಡಿದೆವು. ಹೊರಿತಾ ಎಂಬ ಹೆಸರು ದಕ್ಷಿಣದ ಈ ಊರಿನಲ್ಲಿ ಯಾರಿಗೂ ಬೇಡವಂತೆ, ಇಟ್ಟಿರಲಿಲ್ಲ. ಹೆಬ್ಬೆಟ್ಟು ಒತ್ತಿದರು. ಸಾಕ್ಷಿಗೆ ಸ್ನಾನದ ಮನೆಯ ಮುದುಕ ಯಜಮಾನನೂ ಅವನ ಹೆಂಡತಿಯೂ ಸಹಿ ಹಾಕಿದರು. "ಏನೋ ಒಕುದಾ, ನಿಂಗೆ ಹೆಂಡ್ತಿ ಬೇರೆ ಇದ್ಲೇನೋ!" ಎಂದು ಯಜಮಾನ ಜೋರಾಗಿ ನಕ್ಕ. ಕಾಗದದಲ್ಲಿ ಏನಿದೆಯೆಂದು ನೋಡಿದ ಮೇಲೆ ಕ್ಷಮೆ ಕೇಳಿ ಕನ್ನಡಕ ಒರೆಸಿಕೊಂಡ.

ತಂಗಿಗೆ ಹೇಳಬೇಡ ಎಂದು ನಿಮ್ಮ ಅಣ್ಣ ಕೇಳಿಕೊಂಡರು. ಹೇಳುತ್ತೇನೆ ಎಂದು ನಾನು ಹೇಳಿಯೇ ಬಂದೆ.

ಕಿನುಯೊ

*

ಹಿಮಿ
2 ಜುಲೈ 2004

ಅತ್ತಿಗೆಯವರಿಗೆ,

ಕಾಗದ ಬಂದು ಎಷ್ಟೋ ದಿನವಾಯಿತು. ಬೆಳಿಗ್ಗೆ ಎದ್ದು ಮೀನು ಸೀಳುತ್ತೇನೆ, ಉಪ್ಪು ಹಾಕುತ್ತೇನೆ, ಮಾರುತ್ತೇನೆ. ಕೈಗಳು ತಮ್ಮ ಕೆಲಸ ತಾವು ಮಾಡುತ್ತವೆ.

ಬಸ್ಸು ಹತ್ತಲಿಲ್ಲವಂತೆ. ಅಷ್ಟೇ ಅಂತೆ. ಹುಚ್ಚು ಹಿಡಿದಿತ್ತು ಅಂದಿದ್ದರೆ, ಯಾರೋ ಕಟ್ಟಿಹಾಕಿದ್ದರು ಅಂದಿದ್ದರೆ ನಾನು ಓಡಿಹೋಗಿ ಕಾಲು ಹಿಡಿಯುತ್ತಿದ್ದೆ. ಅಮ್ಮ ಸತ್ತಳು ಅಂದರೆ ಹೂಂ ಅಂದನಂತೆ.

ನಿನ್ನೆ ಅವನ ಬಟ್ಟಲಿನ ಅನ್ನ ನಾನೇ ತಿಂದೆ. ತಣ್ಣಗೆ ಗಟ್ಟಿಯಾಗಿತ್ತು. ನಿಂತುಕೊಂಡೇ ತಿಂದೆ.

ಈಗ ನನ್ನದೊಂದು ಕೋರಿಕೆ. ಅರ್ಜಿ ಹಿಂತೆಗೆದುಕೊಳ್ಳಬೇಡಿ. ನಡೆಯಲಿ. ನಾನೂ ಬಾಯಿ ಬಿಡುವುದಿಲ್ಲ. ಎಲೆ ಕೆಂಪಾಗಲಿ, ಅವನು ಸತ್ತ ಎಂದು ಬರೆದುಕೊಡಲಿ. ಭಿಕ್ಷುವನ್ನು ಕರೆಸಿ ಅಮ್ಮನ ಪಕ್ಕ ಅವನ ಹೆಸರು ಇಡುತ್ತೇನೆ. ಪೀಠದಲ್ಲಿದ್ದರೆ ನನಗೆ ಅಣ್ಣ. ಅಲ್ಲಿ ತೊಟ್ಟಿ ತೊಳೆಯುವವನು ಯಾರೋ ನನಗೆ ಗೊತ್ತಿಲ್ಲ.

ನೀವೇ ಬಯಸಿದ್ದು ತಾನೇ ಇದು?

ಚಿಗುಸಾ

*

ತೊಯಾಮಾ
20 ಆಗಸ್ಟ್ 2004

ಚಿಗುಸಾ ಅವರಿಗೆ,

ನಾನೇ ಬಯಸಿದ್ದು, ನಿಜ. ಆದರೂ ನಿಮ್ಮ ಮಾತು ನಡೆಸಲಿಲ್ಲ.

ನ್ಯಾಯಾಲಯಕ್ಕೆ ಹೋಗಿ ಅವರು ಬದುಕಿದ್ದಾರೆ ಎಂದು ಹೇಳಿದೆ. ಗುಮಾಸ್ತೆ ಸಣ್ಣ ವಯಸ್ಸಿನವಳು. "ಅಯ್ಯೋ, ಒಳ್ಳೇ ಸುದ್ದಿ ಅಲ್ವಾ ಅಮ್ಮಾ!" ಎಂದು ಎದ್ದು ನಿಂತು ತಲೆಬಾಗಿದಳು. ನಾನೂ ತಲೆಬಾಗಿದೆ. ಅಲ್ಲಿಂದ ನಗರಸಭೆಗೆ ಹೋಗಿ ಹೆಬ್ಬೆಟ್ಟಿನ ಕಾಗದ ಕೊಟ್ಟೆ. ಕಿಟಕಿಯಾಚೆಯವರು ಪರಿಶೀಲಿಸಿ, ಸರಿಯಿದೆ ಎಂದರು. ಆಮೇಲೆ ಬೆಂಚಿನಲ್ಲಿ ಕುಳಿತು ಯಾರಾದರೂ ನನ್ನ ಹೆಸರು ಕರೆಯುತ್ತಾರೆಂದು ಕಾದೆ. ಆಗಬೇಕಾದ್ದೆಲ್ಲ ಆಗಲೇ ಆಗಿತ್ತು.

ನನ್ನ ಹೆಸರು ಮತ್ತೆ ತವರಿನದಾಗಿದೆ. ನಾನು ವಿಧವೆಯಾಗಿದ್ದರೆ ನಿಮ್ಮ ಮನೆಯವಳಾಗಿಯೇ ಉಳಿಯುತ್ತಿದ್ದೆ. ವಿಚ್ಛೇದನವಾದ್ದರಿಂದ ಕಾನೂನಿನಲ್ಲಿ ನಾನು ನಿಮಗೆ ಏನೂ ಅಲ್ಲ. ಇದನ್ನು ಕಿಟಕಿಯವರೇ ವಿವರಿಸಿದರು. ಅದು ಮೊದಲು ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಇದನ್ನೇ ಮಾಡುತ್ತಿದ್ದೆನೇನೋ. ಸ್ನಾನದ ಮನೆಯ ಬೆಂಚಿನಲ್ಲಿ ನಿಮ್ಮ ಅಣ್ಣನ ಪಕ್ಕ ಕುಳಿತು ಚಹಾ ಕುಡಿದ ಮೇಲೆ, ಅವರು ಸತ್ತರು ಎಂಬ ಕಾಗದಕ್ಕೆ ಕಾಯುವುದು ನನ್ನಿಂದಾಗಲಿಲ್ಲ.

ಇಷ್ಟು ವರ್ಷ ನನ್ನನ್ನು ಅತ್ತಿಗೆ ಎಂದು ಕರೆದಿರಿ. ಬೈದಾಗಲೂ ಹಾಗೆಯೇ ಕರೆದಿರಿ.

ಕಿನುಯೊ

*

ಕಾಗೊಶಿಮಾ
14 ಅಕ್ಟೋಬರ್ 2004

ಅತ್ತಿಗೆ,

ಬೇರೆ ಏನೆಂದು ಕರೆಯುವುದೋ ತಿಳಿಯಲಿಲ್ಲ, ಹಾಗೆಯೇ ಬರೆದೆ.

ಎಲ್ಲಿಂದ ಬರೆಯುತ್ತಿದ್ದೇನೆ ನೋಡಿದಿರಲ್ಲ. ಅಂಗಡಿಗೆ ಬೀಗ ಹಾಕಿ, ಯಾರಿಗೂ ಹೇಳದೆ ಹೊರಟುಬಂದೆ. ರೈಲು ಬದಲಿಸುವಾಗ ಒಮ್ಮೆ ತಪ್ಪು ರೈಲು ಹತ್ತಿದೆ. ಎದುರಿಗೆ ಕುಳಿತಿದ್ದ ಹುಡುಗಿ, "ಅಜ್ಜೀ, ಇದು ಕುಮಾಮೊತೊಗೆ ಹೋಗಲ್ಲ" ಎಂದು ಇಳಿಸಿದಳು. ನನ್ನನ್ನು ಅಜ್ಜಿ ಅಂದಳು, ಕತ್ತೆ.

ಅವನಿಗೆ ಬೈಯಬೇಕೆಂದು ಬಂದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಅಮ್ಮನ ಬೂದಿ ಗೋರಿಗಿಟ್ಟ ದಿನ ಹಿಮ ಹೇಗೆ ಬಿತ್ತು, ನಾನೊಬ್ಬಳೇ ಹೇಗೆ ಹೊತ್ತೆ, ಎಲ್ಲ ಹೇಳಿ, ಕೆನ್ನೆಗೊಂದು ಬಾರಿಸಿ, ಆಮೇಲೆ ಏನು ಮಾಡುವುದೆಂದು ಯೋಚಿಸಿರಲಿಲ್ಲ.

ಅವನಿಲ್ಲ. ನೀವು ಬಂದು ಹೋದ ವಾರವೇ ಹೊರಟುಹೋದನಂತೆ. ಯಜಮಾನರು ನನ್ನನ್ನು ಒಳಗೆ ಕೂರಿಸಿ ಚಹಾ ಕೊಟ್ಟರು. "ಹೇಳದೆ ಕೇಳದೆ ಹೋದ್ರಮ್ಮ. ಹೋಗೋ ದಿನ ತೊಟ್ಟಿಗಳನ್ನೆಲ್ಲ ತೊಳೆದಿಟ್ಟೇ ಹೋಗಿದ್ರು. ಒಳ್ಳೇ ಕೆಲಸಗಾರ" ಅಂದರು. ಯಜಮಾನರ ಹೆಂಡತಿ ನನ್ನ ಕೈಗೆ ಒಂದು ಟವೆಲ್ ಕೊಟ್ಟು, ಇಷ್ಟು ದೂರ ಬಂದಿದ್ದೀರಿ, ಸ್ನಾನವಾದರೂ ಮಾಡಿಕೊಂಡು ಹೋಗಿ ಎಂದರು. ಮಾಡಿದೆ. ನೀರು ತುಂಬ ಬಿಸಿ. ಅವನು ಉಜ್ಜುತ್ತಿದ್ದ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ, ಹೊಂದಿಸಿಕೊಂಡಿದ್ದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಒಂದು ಸಲ ಹೇಳಿ ಮುಗಿಸಿದೆ. ಪಕ್ಕದ ಹೆಂಗಸು ನನ್ನನ್ನೇ ನೋಡುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತೇನೋ.

ಈಗ ವಸತಿಗೃಹದಲ್ಲಿದ್ದೇನೆ. ಒಬ್ಬಳೇ ಇಂಥ ಕೋಣೆಯಲ್ಲಿ ಮಲಗಿದ್ದು ಇದೇ ಮೊದಲು. ಊರಿಗೆ ಹಿಂದಿರುಗಲು ಮನಸ್ಸಿಲ್ಲ. ಇಲ್ಲಿರಲು ಕಾರಣವಿಲ್ಲ. ಅವನನ್ನು ಇನ್ನು ಎಲ್ಲಿ ಹುಡುಕಬೇಕು ಎಂದು ಕೇಳುತ್ತಿಲ್ಲ. ಅದು ಸಾಕು. ಆದರೆ ಬೆಳಿಗ್ಗೆ ಎದ್ದ ಮೇಲೆ ಏನು ಮಾಡಬೇಕು? ಪರ ಊರಿನಲ್ಲಿ ಒಬ್ಬಳೇ ಇರುವವರು ದಿನವಿಡೀ ಏನು ಮಾಡುತ್ತಾರೆ? ನಿಮಗಾದರೆ ಗೊತ್ತಿರುತ್ತದೆ.

ಚಿಗುಸಾ

*

ತೊಯಾಮಾ
16 ಅಕ್ಟೋಬರ್ 2004

ಚಿಗುಸಾ,

ನಿನ್ನ ಕಾಗದ ಈಗ ತಾನೇ ಬಂತು. ತ್ವರಿತ ಅಂಚೆಗೆ ಹಾಕುತ್ತಿದ್ದೇನೆ. ಇದು ಸಿಗುವ ಹೊತ್ತಿಗೆ ನೀನು ಇನ್ನೂ ಅಲ್ಲೇ ಇರುತ್ತೀಯ ಎಂದುಕೊಂಡಿದ್ದೇನೆ.

ಅವರು ಹೊರಟುಹೋದರೆಂದು ಓದಿದೆ. ಓದಿ ಕಾಗದ ಮಡಚಿ, ಅಕ್ಕಿ ತೊಳೆದು ಒಲೆಗಿಟ್ಟೆ. ಅಷ್ಟೇ ಆಯಿತು ನನಗೆ. ನಿನಗೆ ಹೇಗಾಯಿತೋ ಗೊತ್ತಿಲ್ಲ. ತುಟಿ ಅಲ್ಲಾಡಿದರೆ ಅಲ್ಲಾಡಲಿ, ಆ ಊರಿನಲ್ಲಿ ನಿನ್ನನ್ನು ಬಲ್ಲವರು ಯಾರೂ ಇಲ್ಲ.

ಏನು ಮಾಡುತ್ತಾರೆ ಎಂದು ಕೇಳಿದೆ. ನನಗೂ ಹೆಚ್ಚೇನೂ ಗೊತ್ತಿಲ್ಲ. ಎದ್ದ ತಕ್ಷಣ ಕಿಟಕಿ ತೆರೆ. ಬೂದಿ ಬೀಳುತ್ತಿದ್ದರೆ ಮುಚ್ಚು. ಬಂದರಿಗೆ ಇಳಿದು ಹೋಗು, ಸಕುರಾಜಿಮಾಕ್ಕೆ ದಿನವಿಡೀ ದೊಡ್ಡ ದೋಣಿಗಳಿರುತ್ತವೆ, ಜೂನಿನಲ್ಲಿ ನಾನೂ ಹತ್ತಿದ್ದೆ. ಆಚೆ ಹೋಗಿ ಏನು ಮಾಡಲಿ ಎಂದು ಯೋಚಿಸಬೇಡ, ಬೇಡವೆನಿಸಿದರೆ ಅದೇ ದೋಣಿಯಲ್ಲಿ ಮರಳಿ ಬರಬಹುದು. ದೋಣಿಯ ಮೇಲೇ ಒಂದು ಸಣ್ಣ ಅಂಗಡಿ ಇದೆ. ಬಿಸಿ ಸಾರಿನಲ್ಲಿ ದಪ್ಪ ಶಾವಿಗೆ ಹಾಕಿ ಕೊಡುತ್ತಾರೆ. ನಿಂತುಕೊಂಡೇ ತಿನ್ನಬೇಕು. ಮೀನಿನ ಸಾರು ನಿನ್ನ ಕೈಯ ಸಾರಿನಷ್ಟು ಚೆನ್ನಾಗಿಲ್ಲ, ಬೈದುಕೊಂಡೇ ತಿನ್ನು. ಆದರೆ ಬೇಗ ತಿನ್ನು. ಕೊಲ್ಲಿ ಬಹಳ ಕಿರಿದು, ಬಟ್ಟಲು ಖಾಲಿಯಾಗುವುದರೊಳಗೆ ದಡ ಬಂದುಬಿಡುತ್ತದೆ.

ಕಿನುಯೊ